ಹಳದಿ ಎಲೆ, ಟ್ಯಾಂಕರ್ ನೀರು, ರವಿವಾರದ ಔಷಧಿ

9 ಮೇ 2024, ಗುರುವಾರ
ಕೋಥ್ರೂಡ್, ಪುಣೆ

ರವಿವಾರ ಮಾಲಿ ಪಂಪು ಹೊತ್ತು ಬರುತ್ತಾನಂತೆ, ಟೆರೇಸಿನ ಗಿಡಗಳಿಗೆಲ್ಲ ಔಷಧಿ ಹೊಡೆಯಲು. ಸೊಸೈಟಿ ಗ್ರೂಪಿನಲ್ಲಿ ಆ ಮೆಸೇಜ್ ನೋಡಿದಾಗಿನಿಂದ ತಲೆ ಕೆಟ್ಟಿದೆ. ಎಲೆಗಳೆಲ್ಲ ಹಳದಿಯಾಗಿವೆ, ಬಂದವರು ಏನಂದುಕೊಳ್ಳುತ್ತಾರೆ ಅಂತ ಸೆಕ್ರೆಟರಿ ವಾದ. ಇದೇ ಮನುಷ್ಯ ಕಳೆದ ತಿಂಗಳು ಅದೇ ಗ್ರೂಪಿನಲ್ಲಿ ಬ್ಲೂ ಮಾರ್ಮನ್ ಫೋಟೋ ಹಾಕಿ, ರಾಜ್ಯಕ್ಕೊಂದು ಚಿಟ್ಟೆ ಅಂತ 2015ರಲ್ಲಿ ದೇಶದಲ್ಲೇ ಮೊದಲು ಘೋಷಿಸಿದ್ದು ನಮ್ಮ ಮಹಾರಾಷ್ಟ್ರ ಅಂತ ಎದೆಯುಬ್ಬಿಸಿದ್ದರು. ಆ ಚಿಟ್ಟೆ ಮೊಟ್ಟೆ ಇಡುವುದು ಲಿಂಬೆ ಜಾತಿಯ ಗಿಡಗಳ ಮೇಲೆ. ಔಷಧಿ ಹೊಡೆಯುವ ಗಿಡಗಳ ಪಟ್ಟಿಯಲ್ಲಿ ಮೊದಲ ಹೆಸರೇ ಲಿಂಬೆ!

ಆಫೀಸಿನ ವಿಷಯ ಬಿಡಿ, ಬರೆಯುವಂಥದ್ದೇನೂ ಆಗಲಿಲ್ಲ. ಸಂಜೆ ಬಿ ವಿಂಗ್ ಕಾಕಾನ್ನ ಮೇಲೆ ಕರೆದುಕೊಂಡು ಹೋದೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ನೌಕರಿ ಮಾಡಿ ರಿಟೈರ್ ಆದವರು, ಮಗನ ಮನೆಗೆ ಬಂದು ಬೇಜಾರಾಗಿ ಕೂತಿದ್ದರು. ನಾನು ಮೆಟ್ಟಿಲು ಹತ್ತುತ್ತಲೇ ಶುರು ಮಾಡಿದೆ, ಕಾಕಾ, ಮಾಲಿ ಗೊಬ್ಬರ ಕಮ್ಮಿ ಅಂತಾನೆ, ನರ್ಸರಿಯವ ಹುಳ ಅಂತಾನೆ, ವೈನಿ ನೀರು ಜಾಸ್ತಿ ಅಂತಾರೆ, ಯಾರದ್ದು ಕೇಳಲಿ ಅಂತ. ಅವರು ಕೇಳಿದ್ದು ಒಂದೇ ಮಾತು.

"ಮೊದಲ ಇದನ್ನ ಹೇಳವಾ, ಹಳದಿ ಆಗಿದ್ದು ಕೆಳಗಿನ ಹಳೇ ಎಲಿಯೋ, ತುದಿಗಿರೋ ಹೊಸಾ ಎಲಿಯೋ?"

ಇಷ್ಟು ಜನ ಸಲಹೆ ಕೊಟ್ಟರಲ್ಲ, ಇದನ್ನು ಒಬ್ಬರೂ ಕೇಳಿರಲಿಲ್ಲ. ಸಾರಜನಕ ಗಿಡದೊಳಗೆ ಓಡಾಡುತ್ತದಂತೆ. ಕಮ್ಮಿ ಬಿದ್ದರೆ ಗಿಡ ಹಳೇ ಎಲೆಯಿಂದ ಕಿತ್ತು ಚಿಗುರಿಗೆ ಕೊಡುತ್ತದೆ, ಹಾಗಾಗಿ ಕೆಳಗಿನದು ಮೊದಲು ಹಳದಿ. ಕಬ್ಬಿಣ ಹಾಗಲ್ಲ, ಸೇರಿದ ಎಲೆಯಲ್ಲೇ ಕೂತುಬಿಡುತ್ತದೆ. ಅದು ಸಿಗದಿದ್ದರೆ ಹೊಸ ಎಲೆಗೇ ಪೆಟ್ಟು. ನಮ್ಮ ಕೇಪಳದ ತುದಿ ಎಲೆಯನ್ನು ಬೆಳಕಿಗೆ ಹಿಡಿದು ತೋರಿಸಿದರು. ಎಲೆ ಪೂರ್ತಿ ತಿಳಿ ಹಳದಿ, ನರಗಳು ಮಾತ್ರ ಹಸಿರು, ಯಾರೋ ಸಣ್ಣ ಪೆನ್ನಿನಿಂದ ಗೆರೆ ಎಳೆದ ಹಾಗೆ. ಕೆಳಗಿನ ಎಲೆಗಳು ಕಡು ಹಸಿರಾಗಿ ಆರಾಮಾಗಿದ್ದವು.

ಆಮೇಲೆ ಅರ್ಧ ಲಿಂಬೆಹಣ್ಣು ತಾ ಅಂದರು. ತಂದೆ. ಕುಂಡದ ಅಂಚಿನಲ್ಲಿ ಬಿಳಿ ಪದರ ಕಟ್ಟಿತ್ತು. ಅದರ ಮೇಲೆ ಹಿಂಡಿದರು. ಸಣ್ಣ ಸಣ್ಣ ಗುಳ್ಳೆ ಎದ್ದು ಚುಸ್ ಅಂತು. "ಸುಣ್ಣ," ಅಂದರು ಕಾಕಾ, "ಟ್ಯಾಂಕರ್ ನೀರಿಂದು." ಬೇಸಿಗೆ ಶುರುವಾದಾಗಿನಿಂದ ನಮ್ಮಲ್ಲಿ ಬೋರ್‌ವೆಲ್ ನೀರಿನ ಟ್ಯಾಂಕರೇ ಗತಿ, ಬಕೆಟ್ಟಿನಲ್ಲೂ ಅದೇ ಬಿಳಿ ಕಲೆ ಅಲ್ವಾ. ಮಣ್ಣಲ್ಲಿ ಕಬ್ಬಿಣ ಇಲ್ಲ ಅಂತಲ್ಲ, ಸುಣ್ಣ ಹೆಚ್ಚಾದ ಮಣ್ಣಿನಲ್ಲಿ ಬೇರು ಅದನ್ನು ಎತ್ತಿಕೊಳ್ಳಲಾರದು. ಕೇಪಳಕ್ಕೆ ಹುಳಿ ಮಣ್ಣೇ ಬೇಕು, ಹಾಗಾಗಿ ಮೊದಲು ಸೋತದ್ದು ಅದೇ. ಬರೀ ಅನ್ನಭೇದಿ, ಅಂದರೆ ಕಬ್ಬಿಣದ ಸಲ್ಫೇಟ್, ಸುರಿದರೆ ಇಂಥ ಮಣ್ಣಲ್ಲಿ ಅದೂ ಬೇಗ ಕಟ್ಟಿಹೋಗುತ್ತದಂತೆ. ಚಿಲೇಟೆಡ್ ಕಬ್ಬಿಣ ತರಬೇಕು, ಅಂದರೆ ಮಣ್ಣಲ್ಲಿ ಕಟ್ಟಿಹೋಗದಂತೆ ಇನ್ನೊಂದು ರಾಸಾಯನಿಕ ಹಿಡಿದಿಟ್ಟುಕೊಂಡ ಕಬ್ಬಿಣ, ಅದರಲ್ಲೂ ಪೊಟ್ಟಣದ ಮೇಲೆ ಇಡಿಡಿಎಚ್‌ಎ ಅಂತ ಇರುವುದನ್ನು ನೋಡಿ ತರಬೇಕು, ಹಾಗೆ ಹಿಡಿದಿಡುವ ಇನ್ನೊಂದು ರಾಸಾಯನಿಕ, ಸಾದಾ ಇಡಿಟಿಎ, ಸುಣ್ಣದ ಮಣ್ಣಲ್ಲಿ ನಿಲ್ಲುವುದಿಲ್ಲ. ಸದ್ಯಕ್ಕೆ ಎಸಿಯಿಂದ ತೊಟ್ಟಿಕ್ಕುವ ನೀರನ್ನೇ ಹಿಡಿದು ಹಾಕು, ಅದರಲ್ಲಿ ಸುಣ್ಣ ಇರುವುದಿಲ್ಲ ಅಂದರು. ಮಳೆ ಬಂದರೆ ಅರ್ಧ ಕೆಲಸ ತಾನೇ ಆಗುತ್ತದೆ.

ನಡುವೆ ಅವ್ವನ ಫೋನು. ಮಂಡಿ ನೋವು, ಹಪ್ಪಳ, ಪಕ್ಕದ ಮನೆ ಮದುವೆ. ಹಪ್ಪಳ ಹಚ್ಚುವಾಗ ಮಂಡಿ ಊರಿ ಕೂತಿದ್ದಾಳೆ, ನೋವು ಇನ್ನೆಲ್ಲಿಂದ ಬರಬೇಕು. ಹೇಳಿದರೆ ಕೇಳುವುದಿಲ್ಲ, ಸಿಟ್ಟು ಬಂತು, ಆಮೇಲೆ ಪಾಪ ಅನ್ನಿಸಿತು.

ಜೀನಿಯಾದ್ದು ಬೇರೆಯೇ ರೋಗ. ಅಲ್ಲಿ ನರ ಗಿರ ಏನಿಲ್ಲ, ಎಲೆ ತುಂಬ ಸೂಜಿ ಚುಚ್ಚಿದಂಥ ಹಳದಿ ಚುಕ್ಕೆ. ಕಾಕಾ ಬಿಳಿ ಕಾಗದ ಹಿಡಿದು ಎಲೆ ತಟ್ಟಿದರು. ಧೂಳು ಬಿತ್ತು ಅಂದುಕೊಂಡೆ, ನೋಡಿದರೆ ಧೂಳು ನಡೆಯುತ್ತಿದೆ! ನುಸಿ. ಬಿಸಿಲು, ಒಣ ಗಾಳಿ ಅಂದರೆ ಅವಕ್ಕೆ ಹಬ್ಬ. ಎಲೆಯ ಕೆಳಗಿನಿಂದ ಪೈಪಿನ ನೀರು ಜೋರಾಗಿ ಹೊಡೆದರೆ ಬಹಳಷ್ಟು ಹೋಗುತ್ತವೆ. ಬೇವಿನೆಣ್ಣೆ ಹೊಡೆಯಲಾ ಅಂದದ್ದಕ್ಕೆ, "ಬ್ಯಾಡ, ಚಿಟ್ಟಿ ಮರಿ ಇರೋ ಕಡೆ ಅದೂ ಬ್ಯಾಡ" ಅಂದರು. ನೈಸರ್ಗಿಕ ಅಂದರೆ ಹುಳಕ್ಕೇನು ಗೊತ್ತಾಗುತ್ತೆ.

ಮಾಲಿ ತರುವ ಡಬ್ಬಿಯ ಫೋಟೋ ಗ್ರೂಪಿನಲ್ಲಿದೆ. ದೊಡ್ಡದು ಮಾಡಿ ನೋಡಿದೆವು. ಇಮಿಡಾಕ್ಲೋಪ್ರಿಡ್ ಅನ್ನೋ ಕೀಟನಾಶಕ. ಇದು ಎಲೆಯ ಮೇಲೆ ಕೂರುವಂಥದ್ದಲ್ಲ, ಗಿಡದೊಳಗೇ ಇಳಿಯುತ್ತದೆ, ಮಕರಂದ, ಪರಾಗಕ್ಕೂ ಹೋಗುತ್ತದೆ. ಜೇನ್ನೊಣದ ಕಾರಣಕ್ಕೇ ಯುರೋಪಿಯನ್ ಒಕ್ಕೂಟ 2018ರಲ್ಲಿ ಇದನ್ನು ಬಯಲಲ್ಲಿ ಬಳಸಬಾರದು ಅಂತ ಮಾಡಿತು. ಕಬ್ಬಿಣ ಸಿಗದೆ ಹಳದಿಯಾದ ಗಿಡಕ್ಕೆ ಇದನ್ನು ಹೊಡೆದು ಆಗುವುದೇನು? ಎಲೆ ಹಾಗೇ ಹಳದಿ, ಹೂವಿಗೆ ಬಂದ ಕೋಲುಜೇನು ಮಾತ್ರ ಸಾಯಬೇಕು. ಲಿಂಬೆ ಎಲೆಯ ಮೇಲೆ ಹಕ್ಕಿ ಹಿಕ್ಕೆಯಂತೆ ಕೂತಿದ್ದ ಮರಿಹುಳವನ್ನು ಕಾಕಾ ಬೆರಳಿಂದ ಮುಟ್ಟಿದರು. ಅದು ತಲೆಯಿಂದ ಪುಟ್ಟ ಕೊಂಬು ಹೊರಗೆ ಹಾಕಿತು, ಕೆಟ್ಟ ವಾಸನೆ ಬೇರೆ. ಕಾಕಾ ಹುಡುಗನ ಹಾಗೆ ನಕ್ಕರು. ಈ ಲಿಂಬೆ ಇಟ್ಟಿದ್ದೇ ಇವು ತಿನ್ನಲಿ ಅಂತ, ತೂತು ಬಿತ್ತು ಅಂತ ದೂರುವುದು ಯಾವ ನ್ಯಾಯ.

ಸೆಕ್ರೆಟರಿಗೆ ಮರಾಠಿಯಲ್ಲಿ ಉದ್ದಕ್ಕೆ ಬರೆದಿದ್ದೇನೆ. ನೀಲಿ ಟಿಕ್ ಬಿದ್ದಿದೆ, ಉತ್ತರ ಇಲ್ಲ. ನಾಳೆ ಕಾಕಾನ್ನೇ ಕರೆದುಕೊಂಡು ಹೋಗುವುದು ಒಳ್ಳೇದು, ವಯಸ್ಸಾದವರ ಎದುರು ಅವರು ಜಾಸ್ತಿ ಮಾತಾಡುವುದಿಲ್ಲ. ಕರಿಬೇವು ತೋರಿಸುವುದು ಮರೆತೇ ಹೋಯಿತು ನೋಡಿ. ಅದರದ್ದೂ ನರ ಹಸಿರು, ನಡುವೆ ಹಳದಿ, ಆದರೆ ಕೆಳಗಿನ ಹಳೇ ಎಲೆಯಲ್ಲಿ. ಹಾಗಾದರೆ ಕಬ್ಬಿಣ ಅಲ್ಲ, ಮೆಗ್ನೀಷಿಯಂ ಇರಬೇಕು, ಅಥವಾ ಕುಂಡದ ತೂತೇ ಕಟ್ಟಿಕೊಂಡು ಬೇರು ಕೊಳೆಯುತ್ತಿರಬೇಕು.