ಸೆಕೆ, ಬಚ್ಚಲ ಹಂಡೆ ಮತ್ತು ನನ್ನ ಎಡಗಾಲು

ಎಂಎಸ್, ಅಂದರೆ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗ ಇದ್ದವರಿಗೆ ವ್ಯಾಯಾಮ ಹೇಳಿಕೊಡುವ ವಿಡಿಯೋಗಳು ಯೂಟ್ಯೂಬ್‌ನಲ್ಲಿ ಬೇಕಾದಷ್ಟಿವೆ. ಮಾಡಿ ತೋರಿಸುವವರು ದಪ್ಪ ಕಾರ್ಪೆಟ್ ಮೇಲೆ, ತುಂಬುತೋಳಿನ ಸ್ವೆಟರ್ ಹಾಕಿಕೊಂಡು ಕಾಲೆತ್ತುತ್ತಿರುತ್ತಾರೆ. ಕುಮಟಾದಲ್ಲಿ ಏಪ್ರಿಲ್ ತಿಂಗಳ ಮಧ್ಯಾಹ್ನ ಅದನ್ನೇ ಮಾಡಲು ಹೋದರೆ ಸ್ವಲ್ಪ ಹೊತ್ತಿಗೇ ನನ್ನ ಎಡಗಾಲು ಹೇಳಿದ ಮಾತು ಕೇಳುವುದಿಲ್ಲ. ಪಾದ ನೆಲಕ್ಕೆ ಎಳೆಯುತ್ತದೆ, ಕಣ್ಣು ಮಂಜಾಗುತ್ತದೆ. ನಮ್ಮ ಕರಾವಳಿಯಲ್ಲಿ ಈ ಕಾಯಿಲೆಗೆ ಫಿಸಿಯೋಥೆರಪಿ ಅಂದರೆ ಮೊದಲು ಸೆಕೆಯ ಲೆಕ್ಕ, ವ್ಯಾಯಾಮ ಆಮೇಲೆ.

ಗೊತ್ತಿಲ್ಲದವರಿಗೆ ಒಂದೆರಡು ಮಾತು. ಮಲ್ಟಿಪಲ್ ಸ್ಕ್ಲೆರೋಸಿಸ್‌ನಲ್ಲಿ ನಮ್ಮದೇ ರೋಗನಿರೋಧಕ ಶಕ್ತಿ ಮಿದುಳು ಮತ್ತು ಬೆನ್ನುಹುರಿಯ ನರಗಳ ಮೇಲಿನ ಮಯಲಿನ್ ಹೊದಿಕೆಯನ್ನು ಹಾಳು ಮಾಡುತ್ತದೆ. ಹೊದಿಕೆ ಹೋದ ಕಡೆಯೂ ಸಂದೇಶ ಹೇಗೋ ದಾಟುತ್ತಿರುತ್ತದೆ. ಆದರೆ ಮೈಬಿಸಿ ಅರ್ಧ ಡಿಗ್ರಿ ಏರಿದರೂ ಕೆಲವರಿಗೆ ಅದು ಅಲ್ಲೇ ನಿಲ್ಲುತ್ತದೆ. 1890ರಲ್ಲಿ ವಿಲ್ಹೆಲ್ಮ್ ಉಟ್‌ಹೋಫ್ ಎಂಬ ಜರ್ಮನಿಯ ಕಣ್ಣಿನ ಡಾಕ್ಟರು, ದಣಿದಾಗ ಇಂಥ ರೋಗಿಗಳ ದೃಷ್ಟಿ ಮಂಕಾಗುವುದನ್ನು ಬರೆದಿಟ್ಟರು. ದಣಿವಿಗಿಂತ ಮೈಬಿಸಿಯೇ ಕಾರಣ ಅಂತ ತಿಳಿದದ್ದು ಆಮೇಲೆ. ಎಂಆರ್‌ಐ ಇಲ್ಲದ ಕಾಲದಲ್ಲಿ ರೋಗಿಯನ್ನು ಬಿಸಿನೀರಿನ ತೊಟ್ಟಿಯಲ್ಲಿ ಕೂರಿಸಿ, ಕೈಕಾಲು ಸೋಲುತ್ತವೆಯೇ ಅಂತ ಪರೀಕ್ಷೆ ಮಾಡುತ್ತಿದ್ದರಂತೆ.

ಆ ಪರೀಕ್ಷೆ ಶಿರಸಿ ಕಡೆಯ ನನ್ನ ತವರುಮನೆಯಲ್ಲಿ ಪುಕ್ಕಟೆಯಾಗಿ ಆಗಿದೆ. ದೀಪಾವಳಿಯ ಎಣ್ಣೆಸ್ನಾನ. ಅಡಿಕೆ ಸಿಪ್ಪೆಯ ಬೆಂಕಿ, ಹಂಡೆ ತುಂಬ ಕೊತಕೊತ ನೀರು, ಬಚ್ಚಲಮನೆ ತುಂಬ ಹೊಗೆ ಮತ್ತು ಹಬೆ. "ಇನ್ನೊಂದ್ ನಾಲ್ಕು ಚೊಂಬು ಹೊಯ್ಕಳೆ ಕೂಸೆ, ವಾತ ಎಲ್ಲ ಇಳಿತು" ಎಂದು ಆಯಿ ಹೊರಗಿನಿಂದ ಹೇಳುತ್ತಲೇ ಇದ್ದಳು. ವಾತ ಇಳಿಯಲಿಲ್ಲ, ನಾನೇ ಕುಸಿದೆ. ಅಣ್ಣ, ಅತ್ತಿಗೆ ಸೇರಿ ಎತ್ತಿಕೊಂಡು ಬಂದು ಜಗುಲಿಯಲ್ಲಿ ಮಲಗಿಸಿದರು. ಮೈ ತಣ್ಣಗಾದ ಮೇಲೆ ನಾನೇ ಎದ್ದು ನಡೆದು ಊಟಕ್ಕೆ ಬಂದೆ. ಹಾಗಾಗಿ ಮನೆಯಲ್ಲಿ ಅರ್ಧ ಜನ ಇದನ್ನು ಪವಾಡ ಅಂದರು, ಉಳಿದರ್ಧ ಜನ ನಾಟಕ ಅಂದುಕೊಂಡಿರಬೇಕು. ಈಗ ಬಚ್ಚಲಲ್ಲಿ ನನಗೊಂದು ಪ್ಲಾಸ್ಟಿಕ್ ಕುರ್ಚಿ ಇದೆ, ನೀರು ಉಗುರುಬೆಚ್ಚಗೆ. ಎಣ್ಣೆ ಹಚ್ಚಿಕೊಳ್ಳಲು ನನ್ನದೇನೂ ತಕರಾರಿಲ್ಲ.

ಆಯಿಯನ್ನು ದೂರುವುದಿಲ್ಲ. ಕಲಿತವರೂ ಅದನ್ನೇ ಮಾಡಿದ್ದಾರೆ. ನಾನು ಮೊದಲು ಹೋಗುತ್ತಿದ್ದ ಕ್ಲಿನಿಕ್‌ನಲ್ಲಿ ಮಂಡಿನೋವಿನ ಅಜ್ಜಂದಿರಿಗೂ ನನಗೂ ಒಂದೇ ಉಪಚಾರ. ಬಿಸಿ ಪ್ಯಾಕು, ಆಮೇಲೆ ಕರೆಂಟು. ನನ್ನ ಎಡಗಾಲಿಗೆ ಬಿಸಿ ತಣ್ಣಗೆ ಸರಿಯಾಗಿ ತಿಳಿಯುವುದಿಲ್ಲ. ಚರ್ಮ ಸುಟ್ಟರೂ ನನಗೆ ಗೊತ್ತಾಗದು. ಅದನ್ನು ಒಬ್ಬರೂ ಕೇಳಲಿಲ್ಲ. ಈಗ ನೋಡುವ ಫಿಸಿಯೋಥೆರಪಿಸ್ಟ್ ಇನ್ನೂ ಚಿಕ್ಕ ಹುಡುಗಿ. ಅವಳು ಮೊದಲ ದಿನವೇ "ಅಕ್ಕಾ, ದಿನದಲ್ಲಿ ಯಾವಾಗ ನಿಮ್ಮ ಕಾಲು ಚೆನ್ನಾಗಿರ್ತದೆ?" ಅಂತ ಕೇಳಿದಳು. ಅಲ್ಲಿಂದ ಎಲ್ಲ ಬದಲಾಯಿತು.

ಈಗ ನನ್ನ ವ್ಯಾಯಾಮ ಬೆಳಕು ಹರಿಯುವ ಮುಂಚೆ. ಫ್ರಿಜ್ಜಿನ ನೀರು ಒಂದು ಲೋಟ ಕುಡಿಯುತ್ತೇನೆ. ಬಾವಿನೀರಲ್ಲಿ ಅದ್ದಿ ಹಿಂಡಿದ ಬೈರಾಸು ಕುತ್ತಿಗೆಗೆ ಸುತ್ತಿಕೊಂಡು ಟೇಬಲ್ ಫ್ಯಾನ್ ಎದುರು ನಿಲ್ಲುತ್ತೇನೆ. ಕರಾವಳಿಯ ಕಷ್ಟ ಬರೀ ಬಿಸಿಲಲ್ಲ. ಗಾಳಿಯಲ್ಲೇ ನೀರು ತುಂಬಿರುವುದರಿಂದ ಬೆವರು ಆರುವುದಿಲ್ಲ, ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ. ಅದಕ್ಕೇ ಈ ಏರ್ಪಾಡು. ಗೋಡೆಗೆ ಕೈಕೊಟ್ಟು ಮೀನಖಂಡ ಎಳೆಯುವುದು, ಅದು ಬಿಗಿದು ಸೆಟೆಯುತ್ತದೆ. ಕೈ ಊರದೆ ಕುರ್ಚಿಯಿಂದ ಏಳುವುದು, ಕೂರುವುದು. ಜಗುಲಿಯ ಸಿಮೆಂಟು ಗೆರೆಯ ಮೇಲೆ ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ನಡೆಯುವುದು, ಇದು ಸಮತೋಲ ತಪ್ಪದಿರಲಿಕ್ಕೆ. ಸ್ವಲ್ಪ ಮಾಡಿ, ಕುಳಿತು, ಮತ್ತೆ ಸ್ವಲ್ಪ. ಒಂದೇ ಉಸಿರಿಗೆ ಮುಗಿಸಿಬಿಡುವ ಹಟ ಇಲ್ಲಿ ನಡೆಯುವುದಿಲ್ಲ.

ಹಿಂದೆ ಡಾಕ್ಟರುಗಳೇ ಎಂಎಸ್ ಇದ್ದವರಿಗೆ ದಣಿಯಬೇಡಿ, ಸುಮ್ನೆ ಇರಿ ಅನ್ನುತ್ತಿದ್ದರು. 1996ರಲ್ಲಿ ಅಮೆರಿಕದ ಯೂಟಾ ವಿಶ್ವವಿದ್ಯಾಲಯದವರು ಒಂದು ಅಧ್ಯಯನ ಪ್ರಕಟಿಸಿದರು. ಕೈಕಾಲು ಎರಡೂ ಆಡಿಸುವ ಸೈಕಲ್ಲಿನಂಥ ಯಂತ್ರದಲ್ಲಿ 15 ವಾರ ವ್ಯಾಯಾಮ ಮಾಡಿಸಿದಾಗ ರೋಗಿಗಳ ಕಸುವು ಹೆಚ್ಚಿತ್ತು. ಆ ಹಳೆಯ ಸಲಹೆ ಆಮೇಲೆ ಹಿಂದೆ ಸರಿಯಿತು. ನಮ್ಮ ನೆಂಟರ ಬಾಯಲ್ಲಿ ಮಾತ್ರ ಇನ್ನೂ ಗಟ್ಟಿಯಾಗಿದೆ.

ಇನ್ನೊಂದು ವಿಷಯ ಹೇಳಲೇಬೇಕು. ದೊಡ್ಡ ಆಸ್ಪತ್ರೆಗೆ ತೋರಿಸಲು ಹೋದಾಗ 25 ಅಡಿ ನಡೆಸಿ ಗಡಿಯಾರ ನೋಡುತ್ತಾರೆ. ಎಸಿ ಹಾಕಿದ ಕಾರಿಡಾರಿನಲ್ಲಿ ನಾನು ಮದುಮಗಳ ಹಾಗೆ ನಡೆಯುತ್ತೇನೆ. "ತುಂಬಾ ಇಂಪ್ರೂವ್ ಆಗಿದೀರಿ" ಅನ್ನುತ್ತಾರೆ. ಅದೇ ಕಾಲು ಹೊರಗೆ ಪಾರ್ಕಿಂಗ್ ಬಿಸಿಲಲ್ಲಿ ಗಂಡನ ಹೆಗಲಿಲ್ಲದೆ ಹೆಜ್ಜೆ ಇಡುವುದಿಲ್ಲ. ಹಾಗಾಗಿ ಈಗ ಮಧ್ಯಾಹ್ನ ಅಂಗಳದಲ್ಲಿ ನಡೆಯುವ ವಿಡಿಯೋ ಮೊಬೈಲಿನಲ್ಲಿ ತೆಗೆಸಿಕೊಂಡು ಹೋಗಿ ತೋರಿಸುತ್ತೇನೆ. ನೀವೂ ಹಾಗೇ ಮಾಡಿ.

ಸೆಕೆಗೆ ಕಾಲು ಸೋತರೆ ನರಕ್ಕೆ ಹೊಸ ಪೆಟ್ಟು ಬಿತ್ತು ಅಂತಲ್ಲ. ತಣ್ಣಗಾದರೆ ಹಿಂದಿನ ಸ್ಥಿತಿಗೆ ಬರುತ್ತದೆ. ಜ್ವರ, ಮೂತ್ರದ ಸೋಂಕು ಬಂದಾಗಲೂ ಹೀಗಾಗುತ್ತದೆ, ಅದಕ್ಕೆ ಮೊದಲು ಸೋಂಕಿನ ಔಷಧಿ ಬೇಕು. ಆದರೆ ಜ್ವರವೂ ಇಲ್ಲ, ಸೆಕೆಯೂ ಇಲ್ಲ, ಹೊಸ ತೊಂದರೆ ಶುರುವಾಗಿ 24 ಗಂಟೆ ದಾಟಿತು ಅಂದರೆ ಕಾಯಬೇಡಿ, ನರರೋಗದ ಡಾಕ್ಟರಿಗೆ ಫೋನ್ ಮಾಡಿ.

ಸಮುದ್ರದ ದಡದಲ್ಲಿ ನಡೆಯಿರಿ, ಒಳ್ಳೆಯದು ಅಂತ ಸಲಹೆ ಕೊಡುವವರು ಜಾಸ್ತಿ. ನಮ್ಮ ವನ್ನಳ್ಳಿ ಕಡಲ ತೀರ ಚೆಂದವೇ. ಇಳಿತದ ಹೊತ್ತಲ್ಲಿ ಒದ್ದೆ ಮರಳು ಗಟ್ಟಿ ಇರುತ್ತದೆ, ನಡೆಯಬಹುದು. ಆದರೆ ಅಲ್ಲಿಗೆ ಹೋಗಿ ಬರಲು ಒಣ ಮರಳು ದಾಟಬೇಕಲ್ವಾ? ಅದನ್ನು ದಾಟುವಷ್ಟರಲ್ಲಿ ನನ್ನ ಆ ದಿನದ ಶಕ್ತಿ ಖಾಲಿ.

ಮಳೆಗಾಲದಲ್ಲಿ ಸೆಕೆ ಕಡಿಮೆ, ಬೀಳುವ ಭಯ ಜಾಸ್ತಿ. ಅಂಗಳ ಪೂರ್ತಿ ಪಾಚಿ. ಹವಾಯಿ ಚಪ್ಪಲಿ ಬಿಟ್ಟು ಹಿಂದೆ ಪಟ್ಟಿ ಇರುವ ಸ್ಯಾಂಡಲ್ ಹಾಕಲು ಶುರುಮಾಡಿದ್ದೇನೆ, ಜೋತುಬೀಳುವ ಪಾದಕ್ಕೆ ಹವಾಯಿಯಂಥ ಶತ್ರು ಇಲ್ಲ. ಜಗುಲಿಯಿಂದ ಬಚ್ಚಲಿನ ತನಕ ಹಿಡಿದು ನಡೆಯಲು ಮೊದಲು ಅಡಿಕೆ ದಬ್ಬೆ ಕಟ್ಟಿದ್ದೆವು. ಸಿಬಿರು ಕೈಗೆ ಚುಚ್ಚುತ್ತಿತ್ತು, ಈಗ ಕಬ್ಬಿಣದ ಪೈಪು ಹಾಕಿಸಿದ್ದೇವೆ. ಅಂಗಳದ ಮೆಟ್ಟಿಲಿಗೆ ಮಾತ್ರ ಇನ್ನೂ ಬಾಕಿ. ವೆಲ್ಡಿಂಗ್‌ನವನು ಚೌತಿ ಆದಮೇಲೆ ಬರ್ತೇನೆ ಅಂದಿದ್ದಾನೆ. ಯಾವ ವರ್ಷದ ಚೌತಿ ಅಂತ ಹೇಳಿಲ್ಲ.