ಮೊದಲೇ ಊಹಿಸಿದರೆ ಓದುವ ಮಜಾ ಹೋಗಲ್ವಾ?

ನಾನು ಹ್ಯಾರಿ ಪಾಟರ್ ಮಾತು ಎತ್ತಿದರೆ ಸಾಕು, ಯಾರಾದರೊಬ್ಬರು ಇದನ್ನು ಕೇಳಿಯೇ ಕೇಳುತ್ತಾರೆ. "ಕೊನೆಯ ಪುಸ್ತಕ ಬರೋಕೆ ಮುಂಚೆ ಎರಡು ವರ್ಷ ಕೂತು ಊಹೆ ಮಾಡಿದ್ರಂತಲ್ಲ, ಎಲ್ಲ ಮೊದಲೇ ಗೊತ್ತಾಗಿಬಿಟ್ಟರೆ ಓದುವ ಮಜಾ ಹೋಗಲ್ವಾ?" ಕಳೆದ ತಿಂಗಳು ಅಕ್ಕನ ಮಗಳೂ ಕೇಳಿದಳು. ಹೋಗಲ್ಲ ಅಂತ ಒಂದೇ ಮಾತಲ್ಲಿ ಮುಗಿಸಿದೆ. ಆದರೆ ಸರಿಯಾದ ಉತ್ತರ ಸ್ವಲ್ಪ ಉದ್ದ ಇದೆ. ಏಳೂ ಪುಸ್ತಕ ಓದಿಲ್ಲದವರು ದಯವಿಟ್ಟು ಇಲ್ಲೇ ನಿಲ್ಲಿಸಿ, ಗುಟ್ಟೆಲ್ಲ ಮುಂದೆ ಬರುತ್ತದೆ.

ಆರನೆಯ ಪುಸ್ತಕ ಬಂದಿದ್ದು 2005ರ ಜುಲೈ 16ಕ್ಕೆ. ಏಳನೆಯದು 2007ರ ಜುಲೈ 21ಕ್ಕೆ. ಆರನೆಯದು ಮುಗಿದ ರೀತಿ ನೆನಪಿದೆಯಲ್ವಾ? ಗೋಪುರದ ಮೇಲೆ ಶಾಲೆಯ ಮುಖ್ಯಸ್ಥ ಡಂಬಲ್‌ಡೋರ್ "ಸೆವರಸ್, ದಯವಿಟ್ಟು" ಅನ್ನುತ್ತಾರೆ, ಅವರನ್ನು ಅದೇ ಶಾಲೆಯ ಶಿಕ್ಷಕ ಸ್ನೇಪ್ ಕೊಂದೇಬಿಡುತ್ತಾನೆ. ಖಳನಾಯಕ ವೊಲ್ಡೆಮಾರ್ಟ್ ತನ್ನ ಆತ್ಮದ ತುಂಡು ಬಚ್ಚಿಟ್ಟ ಲಾಕೆಟ್ ಅಂತ ಅಷ್ಟು ಕಷ್ಟಪಟ್ಟು ಗುಹೆಯಿಂದ ತಂದದ್ದು ನಕಲಿ. ಒಳಗೆ ಒಂದು ಚೀಟಿ, ಅದರ ಕೆಳಗೆ ಆರ್.ಎ.ಬಿ. ಅಂತ ಮೂರು ಅಕ್ಷರ. ಇಷ್ಟನ್ನು ಕೈಗೆ ಕೊಟ್ಟು ಎರಡು ವರ್ಷ ಸುಮ್ನೆ ಇರಿ ಅಂದರೆ ಯಾರು ಇರುತ್ತಾರೆ?

ಆಗ ನಾನು ಶಿವಮೊಗ್ಗದಲ್ಲಿ ಓದುತ್ತಿದ್ದೆ. ಮನೆಯಲ್ಲಿ ಇಂಟರ್ನೆಟ್ ಇರಲಿಲ್ಲ. ಸಂಜೆ ಸೈಬರ್ ಸೆಂಟರ್‌ಗೆ ಹೋಗಿ, ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು, ಯಾವ್ಯಾವುದೋ ದೇಶದ ಓದುಗರ ಊಹೆಗಳನ್ನು ಓದಿ, ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬರುತ್ತಿದ್ದೆ. ಎಡಗಡೆ ಪುಟದಲ್ಲಿ ಊಹೆ. ಬಲಗಡೆ ಆಧಾರ: ಯಾವ ಪುಸ್ತಕ, ಯಾವ ಅಧ್ಯಾಯ, ಯಾವ ಸಾಲು. ಬಲಗಡೆ ಬರೆಯಲು ಏನೂ ಇಲ್ಲದಿದ್ದರೆ ಎಡಗಡೆಯೂ ಬರೆಯುತ್ತಿರಲಿಲ್ಲ.

ಆರ್.ಎ.ಬಿ. ಯಾರು ಅನ್ನೋದು ಬೇಗ ಸಿಕ್ಕಿತು. ಹ್ಯಾರಿಯ ಅಪ್ಪನ ಗೆಳೆಯ ಸಿರಿಯಸ್ ಬ್ಲ್ಯಾಕ್‌ಗೆ ರೆಗ್ಯುಲಸ್ ಅಂತ ಒಬ್ಬ ತಮ್ಮ ಇದ್ದ. ವೊಲ್ಡೆಮಾರ್ಟ್ ಕಡೆ ಸೇರಿ, ಆಮೇಲೆ ಹೆದರಿ ಹಿಂದೆ ಸರಿಯಲು ಹೋಗಿ ಸತ್ತ ಅಂತ ಐದನೆಯ ಪುಸ್ತಕದಲ್ಲಿ ಬಂದು ಹೋಗಿತ್ತು. ಆರನೆಯದು ಬಂದ ಹೊತ್ತಲ್ಲೇ ಒಂದು ಸಂದರ್ಶನದಲ್ಲಿ ಈ ಹೆಸರು ಕೇಳಿದಾಗ ಲೇಖಕಿ ರೌಲಿಂಗ್ ಕೂಡ ಅದು ಒಳ್ಳೆಯ ಊಹೆ ಅಂದಿದ್ದರು. ಆದರೆ ನನ್ನನ್ನು ಪೂರ್ತಿ ಒಪ್ಪಿಸಿದ್ದು ಅನುವಾದಗಳು. ಡಚ್ ಪುಸ್ತಕದಲ್ಲಿ ಆ ಚೀಟಿಯ ಕೆಳಗೆ ಆರ್.ಎ.ಝಡ್. ಅಂತಿತ್ತು. ನಾರ್ವೆಯ ಪುಸ್ತಕದಲ್ಲಿ ಆರ್.ಎ.ಎಸ್., ಫಿನ್ನಿಶ್‌ನಲ್ಲಿ ಆರ್.ಎ.ಎಂ. ಯಾಕೆ ಅಂದರೆ ಆ ಮೂರೂ ಭಾಷೆಗಳಲ್ಲಿ ಬ್ಲ್ಯಾಕ್ ಅನ್ನೋ ಮನೆತನದ ಹೆಸರನ್ನೇ ತಮ್ಮ ಮಾತಿಗೆ ತಿರುಗಿಸಿಕೊಂಡಿದ್ದರು: ಝ್ವಾರ್ಟ್ಸ್, ಸ್ವಾರ್ಟ್, ಮುಸ್ತಾ. ಎಲ್ಲವೂ ಕಪ್ಪೇ. ನಮ್ಮಲ್ಲಿ ಯಾರಾದರೂ ಆ ಮನೆತನವನ್ನು ಕರಿಯಪ್ಪನ ಮನೆ ಅಂತ ಮಾಡಿ, ಚೀಟಿಯ ಕೊನೆಗೆ 'ಕ' ಅಂತ ಹಾಕಿದ ಹಾಗೆ. ಸೈಬರ್‌ನಲ್ಲಿ ಇದನ್ನು ಓದಿದಾಗ ಮೈ ಜುಮ್ಮೆಂದಿತ್ತು. ಕಥೆಯ ಬೀಗ ಒಂದು ಭಾಷೆಯಲ್ಲಿ, ಕೀಲಿಕೈ ಇನ್ನೊಂದು ಭಾಷೆಯಲ್ಲಿ!

ಹಾಗಾದರೆ ನಿಜವಾದ ಲಾಕೆಟ್ ಎಲ್ಲಿ? ಅದೂ ನಮ್ಮ ಕಣ್ಣೆದುರೇ ಇತ್ತು. ಐದನೆಯ ಪುಸ್ತಕದ ಆರನೆಯ ಅಧ್ಯಾಯದಲ್ಲಿ ಎಲ್ಲರೂ ಸೇರಿ ಬ್ಲ್ಯಾಕ್ ಮನೆತನದ ಹಳೆಯ ಮನೆಯ ಕಪಾಟು ಖಾಲಿ ಮಾಡುತ್ತಾರೆ. ಕೇಳಿದವರಿಗೆ ತೂಕಡಿಕೆ ಬರಿಸುವ ಒಂದು ಮ್ಯೂಸಿಕ್ ಬಾಕ್ಸ್ ಸಿಗುತ್ತದೆ. ಹಳೆಯ ಮುದ್ರೆಗಳು ಸಿಗುತ್ತವೆ. ಅವುಗಳ ನಡುವೆ ಯಾರಿಂದಲೂ ತೆರೆಯಲಾಗದ ಒಂದು ಭಾರವಾದ ಲಾಕೆಟ್. ಅಷ್ಟೇ, ಒಂದು ಸಾಲೂ ಪೂರ್ತಿ ಇಲ್ಲ. ಎಸೆದ ಸಾಮಾನನ್ನೆಲ್ಲ ಮನೆಯ ಆಳು ಕ್ರೀಚರ್ ಕದ್ದು ಎತ್ತಿಟ್ಟುಕೊಳ್ಳುತ್ತಿದ್ದ ಅನ್ನೋದೂ ಅಲ್ಲೇ ಇದೆ.

ಈಗ ಪ್ರಶ್ನೆಗೆ ಬರುತ್ತೇನೆ. ಯಾರು ಅಂತ ಗೊತ್ತಿತ್ತು, ಎಲ್ಲಿ ಅಂತಲೂ ಗೊತ್ತಿತ್ತು. ಆದರೆ ಏಳನೆಯ ಪುಸ್ತಕದಲ್ಲಿ ಕ್ರೀಚರ್ ಕೂತು ತನ್ನ ಕಥೆ ಹೇಳುತ್ತಾನಲ್ಲ, ಅದರ ಒಂದು ಸಾಲೂ ನನ್ನ ನೋಟ್‌ಬುಕ್ಕಿನಲ್ಲಿ ಇರಲಿಲ್ಲ. ವೊಲ್ಡೆಮಾರ್ಟ್ ಅವನಿಗೆ ಲಾಕೆಟ್ ಕಾಯುವ ವಿಷ ಕುಡಿಸಿ ಗುಹೆಯಲ್ಲೇ ಬಿಟ್ಟು ಹೋಗಿದ್ದು. ಮನೆಗೆ ಬಾ ಅಂತ ರೆಗ್ಯುಲಸ್ ಹೇಳಿದ್ದ ಒಂದೇ ಕಾರಣಕ್ಕೆ ಅವನು ಬದುಕಿ ಬಂದಿದ್ದು. ಎರಡನೆಯ ಸಲ ಹೋದಾಗ ರೆಗ್ಯುಲಸ್ ಆಳಿಗೆ ಕುಡಿಸದೆ ತಾನೇ ಕುಡಿದು, ನೀನು ಮನೆಗೆ ಹೋಗು ಅಂತ ಕಳಿಸಿ, ನೀರಿನಲ್ಲಿದ್ದ ಹೆಣಗಳ ಕೈಗೆ ಸಿಕ್ಕಿ ಸತ್ತಿದ್ದು. ಉತ್ತರ ಮೊದಲೇ ಗೊತ್ತಿದ್ದರಿಂದ ನನಗೆ ಅದನ್ನು ಹುಡುಕುವ ಅವಸರ ಇರಲಿಲ್ಲ. ಆ ಮುದುಕ ಬಿಕ್ಕುತ್ತಾ ಹೇಳುವುದನ್ನು ಪಕ್ಕದಲ್ಲಿ ಕೂತು ಕೇಳಿದ ಹಾಗೆ ಓದಿದೆ. ಮೊದಲ ಓದಿನಲ್ಲೇ ಅಷ್ಟು ಅತ್ತಿದ್ದು ಅದೊಂದೇ ಅಧ್ಯಾಯಕ್ಕೆ.

ಹ್ಯಾರಿಯ ವಿಷಯ ಇದಕ್ಕಿಂತ ಕಷ್ಟದ್ದು. ವೊಲ್ಡೆಮಾರ್ಟ್‌ನ ಆತ್ಮದ ಒಂದು ತುಂಡು ಹ್ಯಾರಿಯೊಳಗೇ ಇದೆ ಅಂತ ಆಗ ತುಂಬಾ ಜನ ವಾದ ಮಾಡುತ್ತಿದ್ದರು. ಹಾವಿನ ಭಾಷೆ, ಗಾಯದ ನೋವು, ಕನಸುಗಳು, ಎಲ್ಲವೂ ಅದಕ್ಕೆ ಹೊಂದುತ್ತಿತ್ತು. ನಾಲ್ಕನೆಯ ಪುಸ್ತಕದಲ್ಲಿ ವೊಲ್ಡೆಮಾರ್ಟ್ ತನ್ನ ರಕ್ತ ತೆಗೆದುಕೊಂಡ ಅಂತ ಹ್ಯಾರಿ ಹೇಳಿದಾಗ ಡಂಬಲ್‌ಡೋರ್ ಕಣ್ಣಲ್ಲಿ ಒಂದು ಕ್ಷಣ ಗೆಲುವಿನ ಹೊಳಪು ಬಂದ ಹಾಗೆ ಕಾಣುತ್ತದೆ. ಆ ಒಂದು ಹೊಳಪಿನ ಮೇಲೆ ಜನ ಪುಟಗಟ್ಟಲೆ ಬರೆದರು. ನಾನೂ ನೋಟ್‌ಬುಕ್ಕಿನಲ್ಲಿ ಬರೆದೆ. ಆಮೇಲೆ ಹೊಡೆದು ಹಾಕಿದೆ, ಯಾಕೆ ಅಂದರೆ ಅಂಥ ತುಂಡುಗಳೆಲ್ಲ ನಾಶವಾಗದೆ ವೊಲ್ಡೆಮಾರ್ಟ್ ಸಾಯಲ್ಲ, ಅದು ನಿಜವಾದರೆ ಹುಡುಗ ಸಾಯಲೇಬೇಕು. ಮತ್ತೆ ಬರೆದೆ. ಕೊನೆಗೆ ಅವನು ಸಾಯಲು ಒಪ್ಪಿ ಒಬ್ಬನೇ ಕಾಡಿನ ಕಡೆ ನಡೆಯುವ ಅಧ್ಯಾಯ ಬಂದಾಗ, ನನಗೆ ಅದು ಒಂದೂವರೆ ವರ್ಷದಿಂದ ಗೊತ್ತಿದ್ದ ನಡಿಗೆ. ಗೊತ್ತಿದ್ದಕ್ಕೇ ಜಾಸ್ತಿ ಭಾರ ಆಯಿತು. ಅಜ್ಜಿ ಅಭಿಮನ್ಯುವಿನ ಕಥೆ ಹೇಳುವಾಗ ಅವನು ಚಕ್ರವ್ಯೂಹದಿಂದ ವಾಪಸ್ ಬರಲ್ಲ ಅಂತ ನಮಗೆಲ್ಲ ಗೊತ್ತೇ ಇತ್ತಲ್ವಾ, ಆದರೂ ಪ್ರತಿ ಸಲ ಉಸಿರು ಹಿಡಿದು ಕೇಳುತ್ತಿದ್ದೆವು.

ಎಲ್ಲ ಸರಿಯಾಗಲಿಲ್ಲ. ಡಂಬಲ್‌ಡೋರ್ ಬದುಕಿದ್ದಾರೆ ಅಂತ ನಂಬಿದವರು ತುಂಬಾ ಇದ್ದರು, 2006ರ ಆಗಸ್ಟ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ರೌಲಿಂಗ್ ಅವರೇ ಇಲ್ಲ, ಸತ್ತಿದ್ದಾರೆ ಅಂತ ಹೇಳಬೇಕಾಯಿತು. ಹ್ಯಾಗ್ರಿಡ್ ಸಾಯುತ್ತಾನೆ ಅಂತ ನಾನು ಬರೆದಿದ್ದೆ, ಅವನು ಉಳಿದ. ಡಿಸೆಂಬರ್‌ನಲ್ಲಿ ಪುಸ್ತಕದ ಹೆಸರು ಹೊರಬಂದಾಗ ಅದರಲ್ಲಿದ್ದ ಹ್ಯಾಲೋಸ್ ಅಂದರೇನು ಅಂತ ನಿಘಂಟು ತಿರುವಿ ಹಾಕಿದೆ. ಕೋಲು, ಕಲ್ಲು, ಮೇಲುಹೊದಿಕೆ ಅನ್ನೋ ಮೂರು ಮಾಯಾವಸ್ತುಗಳು ಅಂತ ನನಗೆ ಹೊಳೆಯಲೇ ಇಲ್ಲ.

ನನಗೆ ಇವತ್ತಿಗೂ ಖುಷಿ ಕೊಡುವುದು ಓದಿಯೂ ಕಾಣದೇ ಹೋದ ಸಾಲುಗಳು. ಆರನೆಯ ಪುಸ್ತಕದಲ್ಲಿ ಹ್ಯಾರಿ ತನ್ನ ಪುಸ್ತಕ ಬಚ್ಚಿಡುವಾಗ, ಜಾಗ ಗುರುತಿಗೆ ಇರಲಿ ಅಂತ ಅಲ್ಲೇ ಇದ್ದ ಒಂದು ಮುಕ್ಕಾದ ತಲೆಬೊಂಬೆಯನ್ನು ಮೇಲಿಟ್ಟು, ಅದಕ್ಕೆ ಧೂಳು ಹಿಡಿದ ವಿಗ್ ಮತ್ತು ಮಾಸಿದ ಕಿರೀಟ ತೊಡಿಸುತ್ತಾನೆ. ವೊಲ್ಡೆಮಾರ್ಟ್ ಆತ್ಮದ ಇನ್ನೊಂದು ತುಂಡಿದ್ದ, ಎಲ್ಲರೂ ಹುಡುಕುತ್ತಿದ್ದ ರೇವನ್‌ಕ್ಲಾ ಕಿರೀಟ ಅದೇ! ಹಾಗೆಯೇ ಐದನೆಯದರಲ್ಲಿ ಹ್ಯಾರಿಯ ದೊಡ್ಡಮ್ಮ ಪೆಟೂನಿಯಾ, ಮನುಷ್ಯರ ಸಂತೋಷ ಹೀರುವ ಡಿಮೆಂಟರ್‌ಗಳ ವಿಷಯವನ್ನು ಆ ಕೆಟ್ಟ ಹುಡುಗ ಅವಳಿಗೆ ಹೇಳುತ್ತಿದ್ದುದನ್ನು ಕೇಳಿಸಿಕೊಂಡೆ ಅನ್ನುತ್ತಾಳೆ. ಹ್ಯಾರಿ ತಕ್ಷಣ, ನನ್ನ ಅಪ್ಪ ಅಮ್ಮನ ಹೆಸರು ಹಿಡಿದು ಹೇಳಬಾರದಾ ಅಂತ ರೇಗುತ್ತಾನೆ. ಅವನು ರೇಗಿದ್ದರಿಂದ ನಾವೂ ಅದು ಅವನ ಅಪ್ಪನೇ ಅಂದುಕೊಂಡು ಮುಂದೆ ಹೋದೆವು. ಅದು ಸ್ನೇಪ್. ಹ್ಯಾರಿಯ ಅಮ್ಮ ಲಿಲಿಯ ಅಕ್ಕಪಕ್ಕದಲ್ಲೇ ಬೆಳೆದ, ಅವಳನ್ನು ಪ್ರೀತಿಸಿದ ಹುಡುಗ. ಸ್ನೇಪ್ ಲಿಲಿಯನ್ನು ಪ್ರೀತಿಸಿದ್ದ ಅಂತ ನೋಟ್‌ಬುಕ್ಕಿನ ಎಡಗಡೆ ಬರೆದಿದ್ದೆ. ಬಲಗಡೆ ಬರೆಯಬೇಕಾಗಿದ್ದ ಅತಿ ಒಳ್ಳೆಯ ಆಧಾರ ಅದೇ ಸಾಲು. ಅದೊಂದನ್ನು ಬಿಟ್ಟು ಉಳಿದದ್ದೆಲ್ಲ ಬರೆದಿದ್ದೆ.

ಮಜಾ ಹಾಳಾಗೋದು ಸೋರಿಕೆಯಿಂದ. ಬಿಡುಗಡೆಗೆ ಕೆಲವು ದಿನ ಮುಂಚೆ ಪುಟಗಳ ಫೋಟೋ ಹೊರಗೆ ಬಂದವು. ಆ ವಾರ ನಾನು ಸೈಬರ್ ಸೆಂಟರ್ ಕಡೆ ತಲೆ ಹಾಕಲಿಲ್ಲ. ಅವು ನಾವು ಪುಸ್ತಕ ಓದಿ ಕಂಡುಕೊಂಡಿದ್ದಲ್ಲ, ಯಾರೋ ಕದ್ದು ತಂದಿದ್ದು.

ಅಕ್ಕನ ಮಗಳು ಈಗ ಐದನೆಯ ಪುಸ್ತಕದಲ್ಲಿದ್ದಾಳೆ. (ಇದನ್ನು ಏಳೂ ಮುಗಿಯುವ ತನಕ ಓದಬೇಡ ಅಂತ ಹೇಳಿದ್ದೇನೆ.) ಮೊನ್ನೆ ಕಪಾಟು ಖಾಲಿ ಮಾಡುವ ಅಧ್ಯಾಯ ಓದುತ್ತಿದ್ದಳು, ನಾನು ಪಕ್ಕದಲ್ಲೇ ಅವರೆಕಾಯಿ ಬಿಡಿಸುತ್ತಾ ಕೂತಿದ್ದೆ. ಲಾಕೆಟ್ ದಾಟಿ ಹೋದಳು. ನಾನು ಮಾತಾಡಲಿಲ್ಲ. ಎರಡು ಪುಟ ಆದಮೇಲೆ ತಿರುಗಿ ಬಂದು, "ಚಿಕ್ಕಮ್ಮ, ಈ ಮ್ಯೂಸಿಕ್ ಬಾಕ್ಸ್ ಸುಮ್ನೆ ಬಂದಿರಲ್ಲ, ನೋಡ್ತಿರು" ಅಂದಳು. ಯಾವ ಪುಟ ಅಂತ ಕೇಳಿದೆ. ಹೇಳಿದಳು. ಪೆನ್ನು ಕೊಟ್ಟು, ಬರೆದಿಟ್ಟುಕೋ ಅಂದೆ.