ಅವ್ವ ತಗೊಂಡಿದ್ದಲ್ಲ

"ತುಮಚ್ಯಾ ಆಈಂನೀ ಜಾಸ್ತ ಪೈಸೆ ಘೇತಲೇತ."

ಬುಧವಾರದಿಂದ ಈ ಮಾತು ಕಿವಿ ಬಿಟ್ಟು ಹೋಗುತ್ತಿಲ್ಲ. ನಿಮ್ಮ ತಾಯಿ ಜಾಸ್ತಿ ದುಡ್ಡು ತಗೊಂಡಿದ್ದಾರೆ. ಬ್ಯಾಂಕಿನ ಕೌಂಟರಿನ ಹುಡುಗ ಕಂಪ್ಯೂಟರ್ ನೋಡುತ್ತಲೇ ಮರಾಠಿಯಲ್ಲಿ ಹೇಳಿದ. ಅವನಿಗೆ ಸಿಟ್ಟಿರಲಿಲ್ಲ, ಮಾತು ಒರಟಾಗಿಯೂ ಇರಲಿಲ್ಲ. ಮೂವತ್ತರೊಳಗಿನ ಹುಡುಗ, ಎದುರಿಗೆ ಹದಿನೈದು ಜನರ ಸಾಲು. ಆದರೂ ಆ "ಘೇತಲೇತ" ನನಗೆ ಚುಚ್ಚಿತು. ಡೊಂಬಿವಲಿ ಸ್ಟೇಷನ್ನಿನ ಮೆಟ್ಟಿಲು ಹತ್ತುವಾಗ, ರೊಟ್ಟಿ ತಟ್ಟುವಾಗ, ರಾತ್ರಿ ದೀಪ ಆರಿಸಿದ ಮೇಲೆ, ಅದೇ ಶಬ್ದ.

ಅವ್ವ ತಗೊಂಡಿದ್ದಲ್ಲ. ನೀವು ಕೊಟ್ಟಿದ್ದು.

ಇಷ್ಟು ಹೇಳಲು ಆ ಹೊತ್ತಿಗೆ ನನಗೆ ಬಾಯೇ ಬರಲಿಲ್ಲ.

ಅಪ್ಪ ಮಾಟುಂಗಾದ ರೈಲ್ವೆ ವರ್ಕ್‌ಶಾಪಿನಲ್ಲಿದ್ದರು. 2014ರಲ್ಲಿ ನಿವೃತ್ತಿ, 2017ರಲ್ಲಿ ತೀರಿಕೊಂಡರು. ಅವ್ವನಿಗೆ ಫ್ಯಾಮಿಲಿ ಪೆನ್ಷನ್ ಶುರುವಾಯಿತು. ಅದರ ನಿಯಮ ನನಗೂ ಈಗಲೇ ಗೊತ್ತಾದದ್ದು. ನಿವೃತ್ತಿಯ ನಂತರ ಗಂಡ ಹೋದರೆ ಹೆಂಡತಿಗೆ ಮೊದಲು ಕೊನೆಯ ಸಂಬಳದ ಅರ್ಧದಷ್ಟು ಬರುತ್ತದೆ. ಅದು ಏಳು ವರ್ಷದ ತನಕ, ಇಲ್ಲವೇ ಗಂಡ ಬದುಕಿದ್ದರೆ ಅವನಿಗೆ 67 ತುಂಬುತ್ತಿದ್ದ ದಿನದ ತನಕ, ಯಾವುದು ಮೊದಲೋ ಅದು. ಆಮೇಲೆ ಆ ಸಂಬಳದ ನೂರಕ್ಕೆ 30. ಅಪ್ಪನ ಲೆಕ್ಕದಲ್ಲಿ ಆ ದಿನ 30-09-2021. ಪಿಪಿಓದಲ್ಲಿ, ಅಂದರೆ ಪೆನ್ಷನ್ ಪಾವತಿ ಆದೇಶದ ಪುಸ್ತಕದಲ್ಲಿ, ಟೈಪ್ ಮಾಡಿ ಬರೆದಿದೆ. ಅದರ ಒಂದು ಪ್ರತಿ ಬ್ಯಾಂಕಿನಲ್ಲೂ ಇದೆ, ಇನ್ನೊಂದು ಅವ್ವನ ಹಸಿರು ಬಟ್ಟೆಯ ಚೀಲದಲ್ಲಿತ್ತು. ಆದರೆ ಬ್ಯಾಂಕು ಇಳಿಸಲೇ ಇಲ್ಲ. ಅವ್ವ ಕಳೆದ ನವೆಂಬರಿಗೆ ಮುಂಚಿನ ನವೆಂಬರಲ್ಲಿ, 2024ರ 6ನೇ ತಾರೀಖು ಹೋದರು. ಅಲ್ಲಿಯ ತನಕ ಹಳೇ ದರದಲ್ಲೇ ಜಮಾ ಆಗುತ್ತಿತ್ತು. ಈಗ ಎಫ್‌ಡಿ ಬಿಡಿಸಲು ಹೋದರೆ ಒಂದು ಪತ್ರ ಕೊಟ್ಟರು. 2021ರ ಅಕ್ಟೋಬರಿನಿಂದ 2024ರ ಅಕ್ಟೋಬರ್ ತನಕ ಹೆಚ್ಚಿಗೆ ಪಾವತಿ 4,73,586 ರೂಪಾಯಿ. ಹದಿನೈದು ದಿನದಲ್ಲಿ ಕಟ್ಟಿ. ಎಫ್‌ಡಿ ಮೇಲೆ ಹೋಲ್ಡ್.

ತಿಂಗಳಿಗೆ ಎಷ್ಟು, ಡಿಎ (ತುಟ್ಟಿಭತ್ಯೆ) ಹೇಗೆ ಹಿಡಿದರು, ಒಂದು ಸಾಲೂ ಇಲ್ಲ. ಸುಮ್ನೆ ಒಂದು ಮೊತ್ತ.

ಅವ್ವನ ವಿಲ್‌ನಲ್ಲಿ ಎಕ್ಸಿಕ್ಯೂಟರ್ ನಾನು, ಅಂದರೆ ಅದರಂತೆ ನಡೆಸಿಕೊಡಬೇಕಾದವಳು. ಹಿರಿಮಗಳು, ಜೊತೆಗಿದ್ದವಳು, ಅದಕ್ಕೇ ಇರಬೇಕು. ಎರಡು ಹಾಳೆ, ಕನ್ನಡದಲ್ಲಿ ತಾವೇ ಬರೆದದ್ದು. ಬಳೆ ತಂಗಿಗೆ, ಎರಡೂವರೆ ಲಕ್ಷದ ಎಫ್‌ಡಿ ಇಬ್ಬರು ಮೊಮ್ಮಕ್ಕಳ ಓದಿಗೆ, ಅಷ್ಟೇ. ಬ್ಯಾಂಕು ಕೇಳುತ್ತಿರೋದು ಅವ್ವ ಬಿಟ್ಟುಹೋದದ್ದಕ್ಕಿಂತ ಜಾಸ್ತಿ!

ವಿಲ್ ಜೊತೆಗೇ ಒಂದು ಚಿಕ್ಕ ನೋಟ್‌ಬುಕ್ಕೂ ಸಿಕ್ಕಿತ್ತು. ಹಾಲು, ಪೇಪರ್, ಔಷಧಿ, ಎಲ್ಲದರ ಲೆಕ್ಕ. ಪೆನ್ಷನ್ ಬಂದ ದಿನ ಮೇಲೆ ಒಂದು ಚಿಕ್ಕ "ಶ್ರೀ" ಬರೆದು ಮೊತ್ತ ಬರೆಯುತ್ತಿದ್ದರು. ಆಸ್ಪತ್ರೆಗೆ ಸೇರಿಸುವ ಮುಂಚಿನ ಪುಟದಲ್ಲಿ ಕೊನೆಯ ಸಾಲು, "ಇಸ್ತ್ರಿಯವನಿಗೆ ಕೊಡೂದು 60". ಹದಿಮೂರನೇ ದಿನ ಮುಗಿದ ಮೇಲೆ ಹೋಗಿ ಕೊಟ್ಟೆ. ಅವನು ಕೈ ಚಾಚಲೇ ಇಲ್ಲ. "ಮಾಜೀ ಕಾ ಹಿಸಾಬ್ ಕಭೀ ಬಾಕಿ ನಹೀ ರಹಾ" ಅಂದ. ಅವನ ಟೇಬಲ್ ಮೇಲೆ ಇಟ್ಟು ಬಂದೆ.

ಅಂಥ ಹೆಂಗಸು ಜಾಸ್ತಿ ತಗೊಂಡಳಂತೆ.

ಅವ್ವ ಹೋದ ತಿಂಗಳ ಪೆನ್ಷನ್ ಕೂಡ ಕೊನೆಗೆ ಪೂರ್ತಿ ಜಮಾ ಆಗಿತ್ತು. ಆರು ದಿನದ್ದು ಅವ್ವನದು, ಮಿಕ್ಕಿದ್ದು ನಮ್ಮದಲ್ಲ. ಯಾರೂ ಕೇಳುವ ಮೊದಲೇ ನಾನೇ ಡೆತ್ ಸರ್ಟಿಫಿಕೇಟ್ ಕೊಟ್ಟು ವಾಪಸ್ ತಗೊಳ್ಳಿ ಅಂತ ಬರೆದುಕೊಟ್ಟೆ. ಅದು ಸರ್ಕಾರದ ದುಡ್ಡು, ಜನರ ದುಡ್ಡು. ಅದರಲ್ಲಿ ನನಗೆ ಎರಡು ಮಾತಿಲ್ಲ. ಹಾಗಾಗಿ ಇದು ದುಡ್ಡು ಉಳಿಸಿಕೊಳ್ಳುವ ಜಗಳ ಅಂತ ದಯವಿಟ್ಟು ಯಾರೂ ಅಂದುಕೊಳ್ಳಬೇಡಿ.

ನನಗೆ ತಡೆಯಲಾಗದ್ದು ಆ ಮೂರು ನವೆಂಬರ್. 2021, 2022, 2023. ಮೂರು ಸಲವೂ ಲೈಫ್ ಸರ್ಟಿಫಿಕೇಟಿಗೆ ಅವ್ವನನ್ನು ಅದೇ ಬ್ರಾಂಚಿಗೆ ಕರೆದುಕೊಂಡು ಹೋದವಳು ನಾನೇ. ಪಾತ್ರೆ ತಿಕ್ಕಿ ತಿಕ್ಕಿ ಬೆರಳ ಗೆರೆ ಸವೆದು ಹೋಗಿತ್ತು, ಮೆಷಿನ್ ಹಿಡಿಯುತ್ತಿರಲಿಲ್ಲ. ಹೆಬ್ಬೆಟ್ಟು ಸೆರಗಿನಿಂದ ಒರೆಸಿಕೊಂಡು, ಊದಿಕೊಂಡು ಮತ್ತೆ ಒತ್ತುತ್ತಿದ್ದರು. ಐದನೇ ಸಲಕ್ಕೋ ಆರನೇ ಸಲಕ್ಕೋ ಹಸಿರು ದೀಪ. ಆಗ ಮಕ್ಕಳ ಹಾಗೆ ನಕ್ಕುಬಿಡುತ್ತಿದ್ದರು. ಪಿಪಿಓ ಪುಸ್ತಕ ಟೇಬಲ್ ಮೇಲೇ ಇರುತ್ತಿತ್ತು. ನಂಬರ್ ನೋಡಿ ವಾಪಸ್ ಕೊಡುತ್ತಿದ್ದರು. ಅದೇ ಪುಟದಲ್ಲಿ ನಾಲ್ಕು ಸಾಲು ಕೆಳಗೆ ಆ ತಾರೀಖು. ಬದುಕಿದ್ದಾರೋ ಇಲ್ಲವೋ ಅಂತ ವರ್ಷ ವರ್ಷ ಪರೀಕ್ಷೆ ಮಾಡಿದವರು ಅಷ್ಟು ಕೆಳಗೆ ಒಂದು ಸಲ ಕಣ್ಣು ಹಾಯಿಸಬಹುದಿತ್ತು ಅಲ್ವಾ? ನಾನೂ ಹಾಯಿಸಲಿಲ್ಲ. ಆ ನೋವು ನನಗೂ ಇದೆ. ಆದರೆ ನನಗೆ ಅದರ ಅರ್ಥ ಗೊತ್ತಿರಲಿಲ್ಲ, ಅವರಿಗೆ ಅದೇ ಕೆಲಸ.

ಮನೆಯಲ್ಲಿ ಎರಡು ಪಕ್ಷ. ಹುಬ್ಬಳ್ಳಿಯ ತಮ್ಮ ಫೋನಿನಲ್ಲಿ, "ಅಕ್ಕಾ, ಕೊಟ್ಟು ಬಿಡೂಣು. ಅವ್ವನ ಹೆಸರಿನ ಮ್ಯಾಲೆ ಸಾಲ ಅಂತ ಯಾಕ ಇರಬೇಕು?" ಅಂದ. ಅವನ ಪ್ರೀತಿ ಅದು, ನನಗೆ ಗೊತ್ತು. ಆದರೆ ಅವನಿಗೆ ನಾಲ್ಕೂಮುಕ್ಕಾಲು ಲಕ್ಷ ಹೊಂದಿಸೋದು ಸುಲಭ, ಹಾಗೆ ಹೇಳೋದೂ ಸುಲಭ. ಪುಣೆಯ ತಂಗಿ, "ಒಂದು ಪೈಸೆನೂ ಕೊಡಬ್ಯಾಡ, ತಪ್ಪು ಅವರದು" ಅಂದಳು. ಅವಳು ಹೇಳಿದ್ದರಲ್ಲಿ ಸಿಟ್ಟು ಜಾಸ್ತಿ. ಅವ್ವ ಹೋದಾಗಿನಿಂದ ಯಾರ ಮೇಲಾದರೂ ಸಿಟ್ಟು ಮಾಡಿಕೊಳ್ಳಬೇಕಿತ್ತು ಅವಳಿಗೆ, ಈಗ ಒಬ್ಬರು ಸಿಕ್ಕಿದರು. ಇಬ್ಬರಿಗೂ ನಾನು ಹೇಳಿದ್ದು ಒಂದೇ. ಎಕ್ಸಿಕ್ಯೂಟರ್ ಆದವಳು ಮೊದಲು ಅಂತ್ಯಕ್ರಿಯೆಯ ಖರ್ಚು, ಆಮೇಲೆ ಸಾಲ ತೀರಿಸಿ, ಉಳಿದದ್ದನ್ನು ಹಂಚಬೇಕು. ಮೊದಲೇ ಹಂಚಿದರೆ ಹೊಣೆ ನನ್ನ ತಲೆಗೆ. ಹಾಗೆಂದು ನಮ್ಮ ಜೇಬಿನಿಂದ ಕೊಡಬೇಕೆಂದೂ ಇಲ್ಲ. ಸತ್ತವರ ಆಸ್ತಿ ನಮ್ಮ ಕೈಗೆ ಎಷ್ಟು ಬಂತೋ ಅಷ್ಟಕ್ಕೇ ನಾವು ಬಾಧ್ಯರು, ಸಿವಿಲ್ ಪ್ರೊಸೀಜರ್ ಕೋಡಿನ 52ನೇ ಕಲಂ ಇದನ್ನೇ ಹೇಳುತ್ತದೆ. ಅವ್ವನ ಬಳೆ, ಎಫ್‌ಡಿ, ಖಾತೆಯಲ್ಲಿ ಇದ್ದದ್ದು, ಅಲ್ಲಿಗೆ ಮುಗಿಯಿತು.

ಇನ್ನೂ ಒಂದು ಪ್ರಶ್ನೆ ಇದೆ. ಇದು ನಿಜಕ್ಕೂ ಅವ್ವನ ಸಾಲವೇ? ಎರಡು ರಾತ್ರಿ ಕೂತು ಓದಿದೆ. ಸುಪ್ರೀಂ ಕೋರ್ಟ್ 2014ರ ಡಿಸೆಂಬರಿನಲ್ಲಿ ರಫೀಕ್ ಮಸೀಹ್ ಪ್ರಕರಣದಲ್ಲಿ ಹೇಳಿದೆ. ನೌಕರರ ತಪ್ಪಿಲ್ಲದೆ ಹೆಚ್ಚು ಕೊಟ್ಟಿದ್ದರೆ, ನಿವೃತ್ತರಿಂದ, ಕೆಳದರ್ಜೆಯವರಿಂದ, ಇಲ್ಲವೇ ಐದು ವರ್ಷಕ್ಕೂ ಹೆಚ್ಚು ಕಾಲ ಕೊಡುತ್ತಾ ಬಂದದ್ದನ್ನು ವಸೂಲು ಮಾಡುವಂತಿಲ್ಲ. ಆದರೆ 2016ರಲ್ಲಿ ಅದೇ ಕೋರ್ಟ್, ಹೆಚ್ಚಾದರೆ ವಾಪಸ್ ಕೊಡುತ್ತೇನೆ ಅಂತ ಮುಚ್ಚಳಿಕೆ ಬರೆದುಕೊಟ್ಟವರು ಅದಕ್ಕೆ ಬದ್ಧರು ಅಂತಲೂ ಹೇಳಿದೆ. ಪೆನ್ಷನ್ ಶುರುವಾಗುವಾಗ ಬ್ಯಾಂಕು ಇಂಥ ಮುಚ್ಚಳಿಕೆ ಬರೆಸಿಕೊಳ್ಳುತ್ತದೆ. ಅವ್ವನೂ ಸಹಿ ಮಾಡಿರಬೇಕು. ಅಪ್ಪ ಹೋಗಿ ತಿಂಗಳಾಗಿರಲಿಲ್ಲ, ಎಲ್ಲಿ ಬೆರಳು ತೋರಿಸಿದರೋ ಅಲ್ಲಿ ಸಹಿ ಮಾಡಿದ್ದರು. ಇನ್ನು ರಿಸರ್ವ್ ಬ್ಯಾಂಕಿನ ಸೂಚನೆ. ತಪ್ಪು ಬ್ಯಾಂಕಿನದಾದರೆ, ಪಿಂಚಣಿದಾರರಿಂದ ಬರುವ ತನಕ ಕಾಯದೆ ಪೂರ್ತಿ ಮೊತ್ತವನ್ನು ಬ್ಯಾಂಕೇ ಸರ್ಕಾರಕ್ಕೆ ತುಂಬಬೇಕು. ತುಂಬಿದ್ದಾರಾ? ತುಂಬಿದ್ದರೆ ಅವ್ವ ಬಾಕಿ ಇರೋದು ಯಾರಿಗೆ, ಸರ್ಕಾರಕ್ಕೋ, ಬ್ಯಾಂಕಿಗೋ?

ಇದೆಲ್ಲ ಕೇಳಿ ಶುಕ್ರವಾರ ಒಂದು ಅರ್ಜಿ ತಗೊಂಡು ಹೋದೆ. ತಿಂಗಳವಾರು ಲೆಕ್ಕ ಕೊಡಿ, ಮುಚ್ಚಳಿಕೆಯ ಪ್ರತಿ ಕೊಡಿ, ತಪ್ಪು ಯಾವಾಗ ಯಾರಿಗೆ ಗೊತ್ತಾಯಿತು ಹೇಳಿ, ಸರ್ಕಾರಕ್ಕೆ ತುಂಬಿದ್ದೀರೋ ಇಲ್ಲವೋ ಬರೆದು ತಿಳಿಸಿ. ಅಲ್ಲಿಯ ತನಕ ನಾನು ಹಂಚುವುದಿಲ್ಲ, ನೀವೂ ಎಫ್‌ಡಿಯಿಂದ ಕತ್ತರಿಸಬೇಡಿ. ಮೊದಲು ಬರೆದಾಗ "ನನ್ನ ತಾಯಿ ಪಡೆದ ಹೆಚ್ಚುವರಿ ಹಣ" ಅಂತ ನನ್ನ ಕೈಯೇ ಬರೆದುಬಿಟ್ಟಿತ್ತು. ಅವರ ಪತ್ರದಲ್ಲಿ ಓದಿ ಓದಿ ನನಗೂ ಅದೇ ಮಾತು ಅಂಟಿತ್ತು. ಇಡೀ ಹಾಳೆ ಹರಿದು ಹೊಸದು ಬರೆದೆ. "ಬ್ಯಾಂಕು ನನ್ನ ತಾಯಿಯ ಖಾತೆಗೆ ಜಮಾ ಮಾಡಿದ ಹೆಚ್ಚುವರಿ ಹಣ."

ಹುಡುಗ ಪೂರ್ತಿ ಓದಿದ. ಆ ಸಾಲಿನ ಹತ್ತಿರ ಒಂದು ಕ್ಷಣ ನಿಂತ. ಆಗ ನಾನು ಮರಾಠಿಯಲ್ಲೇ ಹೇಳಿದೆ, "ಆಈನೇ ಘೇತಲೇ ನಾಹೀತ. ತುಮ್ಹೀ ದಿಲೇತ." ಅವನು ತಲೆ ಎತ್ತಿ ನೋಡಿದ. ವಾದ ಮಾಡಲಿಲ್ಲ. "ಹೋ" ಅಂದ, ಹೌದು ಅಂತ, ಮೆಲ್ಲಗೆ. ನನ್ನ ಪ್ರತಿಯ ಮೇಲೆ ಸೀಲು ಒತ್ತಿ, ತಾರೀಖು ಬರೆದು ಕೊಟ್ಟ.

ನಿಮ್ಮ ಮನೆಯಲ್ಲಿ ತಾಯಿಗೋ ಅತ್ತೆಗೋ ಫ್ಯಾಮಿಲಿ ಪೆನ್ಷನ್ ಬರುತ್ತಿದ್ದರೆ ಇವತ್ತೇ ಆ ಪುಸ್ತಕ ತೆಗೆದು ನೋಡಿ. ಹೆಚ್ಚಿನ ದರ ಯಾವ ದಿನದ ತನಕ ಅಂತ ಬರೆದಿರುತ್ತದೆ. ಆ ದಿನ ದಾಟಿಯೂ ಮೊತ್ತ ಇಳಿಯದಿದ್ದರೆ ಬರೆದುಕೊಟ್ಟು ಸೀಲು ಹಾಕಿಸಿಕೊಳ್ಳಿ. ಅವರು ಬದುಕಿದ್ದಾಗಲೇ.

ಹೊರಗೆ ಬರುವಾಗ ಬೆಂಚಿನ ಮೇಲೆ ಒಬ್ಬ ಮರಾಠಿ ಅಜ್ಜಿ ಕೂತಿದ್ದರು. ತೊಡೆಯ ಮೇಲೆ ಪ್ಲಾಸ್ಟಿಕ್ ಕವರ್, ಒಳಗೆ ಅದೇ ಪುಸ್ತಕ, ಪಾಸ್‌ಬುಕ್ಕು. ಪಕ್ಕದಲ್ಲಿ ಕೂತೆ. ನೋಡಲಾ ಅಂತ ಕೇಳಿದೆ. ಮೊದಲು ಕವರ್ ಎದೆಗೆ ಒತ್ತಿಕೊಂಡರು. ನಾನು ಅವ್ವನ ಹಸಿರು ಚೀಲ ತೆರೆದು ನಮ್ಮ ಪುಸ್ತಕ ತೋರಿಸಿದ ಮೇಲೆ ಕೊಟ್ಟರು. ಅವರ ತಾರೀಖು ಇನ್ನೂ ಬಂದಿರಲಿಲ್ಲ. ಅದನ್ನು ಅವರ ಪಾಸ್‌ಬುಕ್ಕಿನ ಮೊದಲ ಪುಟದಲ್ಲಿ, ಅವರಿಗೆ ಓದಲು ಬರುವ ಮರಾಠಿ ಅಂಕಿಯಲ್ಲಿ, ದೊಡ್ಡದಾಗಿ ಬರೆದುಕೊಟ್ಟೆ.